ಪೈಥಾನ್ ನೋಟ್‌ಬುಕ್ ತುಂಬಿದೆ, ಪ್ರೋಗ್ರಾಂ ಮಾತ್ರ ಹುಟ್ಟುತ್ತಿಲ್ಲ: ತೋಟದ ರೈಟರ್ ಒಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೂಡಿಗೆರೆ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವಳು) ಆಗಿದ್ದೇನೆ. ವಯಸ್ಸು 33, ಓದಿದ್ದು ಬಿ.ಕಾಂ. ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪಟ್ಟಿ), ಕೊಯ್ಲಿನ ತೂಕ, ಮಳೆ ಲೆಕ್ಕ ಎಲ್ಲ ನನ್ನ ಕೈಯಲ್ಲೇ. ಐದು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದೇನೆ. ‘ಇವತ್ತು ಗೊತ್ತಾಗಿದ್ದು’ ಅಂತ ಒಂದು ನೋಟ್‌ಬುಕ್ ಇಟ್ಟು ದಿನಕ್ಕೆ ಎರಡು ಸಾಲು ಬರೆಯುತ್ತೇನೆ. ನೋಟ್‌ಬುಕ್ ತುಂಬಿದೆ, ಆದರೆ ಖಾಲಿ ಸ್ಕ್ರೀನ್ ಮುಂದೆ ಕೂತರೆ ಏನೂ ಹೊಳೆಯುವುದಿಲ್ಲ. ಗೊತ್ತಾದ ಕೆಲವು ಸಂಗತಿಗಳಂತೂ ಭಯ ಹುಟ್ಟಿಸಿವೆ. 0.1 ಇಂಚು ಮಳೆಗೆ 0.2 ಇಂಚು ಕೂಡಿಸಿದರೆ 0.30000000000000004 ಬರುತ್ತದೆ. ನಾಲ್ಕು ಆಳುಗಳ ಹಾಜರಿ ಟೇಬಲ್ ಮಾಡಿ ಒಬ್ಬರಿಗೆ ಹಾಜರಿ ಹಾಕಿದರೆ ನಾಲ್ವರಿಗೂ ಬೀಳುತ್ತದೆ. ಒಬ್ಬನೇ ಆಳಿನ ತೂಕ ಅದೇ ಹೆಸರಿನ ಎರಡು ಸಾಲುಗಳಲ್ಲಿ ಬೇರೆ ಬೇರೆ ಮೊತ್ತವಾಗಿ ಬರುತ್ತದೆ. ಇಂಥದ್ದನ್ನು ನಂಬಿ ಬಟವಾಡೆ ಮಾಡುವುದು ಹೇಗೆ? ಹಾಸನದಲ್ಲಿ ಎಂಜಿನಿಯರಿಂಗ್ ಓದುವ ನಮ್ಮ ಭಾವನವರ ಮಗ ‘ಮ್ಯಾಥ್ಸ್ ಇಲ್ಲದೆ ಇದೆಲ್ಲ ಬರಲ್ಲ ಚಿಕ್ಕಮ್ಮ, ಈಗ ಎಐ ಬರೆದುಕೊಡುತ್ತೆ, ಸುಮ್ನೆ ಯಾಕೆ’ ಅನ್ನುತ್ತಾನೆ. ಒಂದು ತರಬೇತಿ ಸಂಸ್ಥೆ ಆನ್‌ಲೈನ್ ಕೋರ್ಸಿಗೆ 60,000 ರೂಪಾಯಿ ಕೇಳುತ್ತಿದೆ, ಕಂತಿನಲ್ಲಿ ಕಟ್ಟಬಹುದಂತೆ. ಮುಂದುವರಿಸಲೋ, ಸೇರಲೋ, ಬಿಡಲೋ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಪೈಥಾನ್‌ನ ಲೆಕ್ಕವನ್ನು ನಂಬಬಹುದೇ ಅನ್ನುವುದು ಒಂದು, ನನಗೆ ಇದು ಹತ್ತುತ್ತಿದೆಯೇ ಅನ್ನುವುದು ಇನ್ನೊಂದು. ಮೊದಲನೆಯದನ್ನು ಬಿಡಿಸಿದರೆ ಎರಡನೆಯದರ ಮುಕ್ಕಾಲು ಪಾಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಯಾಕೆಂದರೆ ನೀವು ಬರೆದ ಮೂರು ವಿಚಿತ್ರಗಳು ಮೂರು ಬೇರೆ ಬೇರೆ ಬೇರುಗಳಿಂದ ಬಂದವು, ಮತ್ತು ನಿಮ್ಮ ನೋಟ್‌ಬುಕ್ಕಿನ ಹೆಚ್ಚಿನ ಸಾಲುಗಳು ಈ ಮೂರರಲ್ಲಿ ಒಂದಕ್ಕೆ ಸೇರಿದವೇ ಆಗಿರುತ್ತವೆ.

ಮುಂದೆ ಓದುವ ಮೊದಲು ಒಂದು ಸೂಚನೆ. ಕೆಳಗಿನ ಕೋಡ್‌ನಲ್ಲಿ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದೇನೆ. ಪೈಥಾನ್ 3ರಲ್ಲಿ ಅವು ಹಾಗೇ ಓಡುತ್ತವೆ, ಟೈಪ್ ಮಾಡಿ ನೋಡಿ. ಪ್ರಿಂಟ್, ಲೆನ್, ಫಾರ್ ಮುಂತಾದ ಪೈಥಾನ್‌ನ ಸ್ವಂತ ಪದಗಳನ್ನು ಓದುವ ಅನುಕೂಲಕ್ಕೆ ಉಚ್ಚಾರದಂತೆ ಬರೆದಿದ್ದೇನೆ, ಅವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕು.

ಮಳೆ ಲೆಕ್ಕದ ಬಾಲ

ಪೈಥಾನ್‌ಗೆ ಕೂಡಲು ಬರುವುದಿಲ್ಲ ಅನ್ನುವುದು ತಪ್ಪು ಕಲ್ಪನೆ. ಸಿ, ಜಾವಾ, ಜಾವಾಸ್ಕ್ರಿಪ್ಟ್ ಯಾವುದರಲ್ಲಿ ಕೂಡಿಸಿದರೂ ಒಳಗೆ ಇದೇ ಉತ್ತರ ಇರುತ್ತದೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ತೋರಿಸಿ ಬಾಲವನ್ನು ಮುಚ್ಚಿಡುತ್ತದೆ, ಪೈಥಾನ್ ಬಿಚ್ಚಿ ತೋರಿಸುತ್ತದೆ, ಅಷ್ಟೇ ವ್ಯತ್ಯಾಸ.

ಕಾರಣ ಹೀಗಿದೆ. ದಶಮಾಂಶ ಇರುವ ಸಂಖ್ಯೆಯನ್ನು ಕಂಪ್ಯೂಟರ್ ಅರ್ಧ, ಕಾಲು, ಅರೆಕಾಲು, ವೀಸ, ಅರೆವೀಸ ಹೀಗೆ ಅರ್ಧರ್ಧ ಮಾಡುತ್ತಾ ಹೋದ ಭಾಗಗಳ ಮೊತ್ತವಾಗಿ ಇಟ್ಟುಕೊಳ್ಳುತ್ತದೆ. ಮುಕ್ಕಾಲು ಬೇಕೆಂದರೆ ಅರ್ಧಕ್ಕೆ ಕಾಲು ಸೇರಿಸಿದರೆ ಆಯಿತು. ಅದಕ್ಕೇ 0.5 + 0.25 ಯಾವತ್ತೂ ಕರಾರುವಾಕ್ಕಾಗಿ 0.75. ಹತ್ತನೇ ಒಂದು ಭಾಗಕ್ಕೆ ಈ ಭಾಗ್ಯವಿಲ್ಲ. ವೀಸ ಮತ್ತು ಅರೆವೀಸ ಕೂಡಿದರೆ 0.09375 ಆಗುತ್ತದೆ. ಇನ್ನೂ ಸ್ವಲ್ಪ ಬೇಕು. 256ನೇ ಒಂದು ಭಾಗ ಸೇರಿಸಿ, 512ನೇ ಒಂದು ಭಾಗ ಸೇರಿಸಿ, ಎಷ್ಟು ಸೇರಿಸಿದರೂ ಸರಿಯಾಗಿ 0.1 ಮುಟ್ಟುವುದಿಲ್ಲ. 53 ಬಿಟ್‌ಗಳ ಜಾಗ ಮುಗಿದಲ್ಲಿ ಕಂಪ್ಯೂಟರ್ ನಿಲ್ಲಿಸಿ, ಹತ್ತಿರದ ಬೆಲೆಗೆ ಸರಿಹೊಂದಿಸುತ್ತದೆ. ಹಾಗಾಗಿ ಒಳಗೆ ಇರುವ 0.1 ನಿಜವಾದ 0.1ಕ್ಕಿಂತ ಕೂದಲೆಳೆಯಷ್ಟು ಹೆಚ್ಚು.

ಆ ಬಾಲದಿಂದ ಮಳೆ ಲೆಕ್ಕ ಕೆಡುವುದಿಲ್ಲ. ಅಪಾಯ ಇರುವುದು ಹೋಲಿಕೆಯಲ್ಲಿ. 0.1 + 0.2 == 0.3 ಅಂತ ಕೇಳಿದರೆ ‘ಫಾಲ್ಸ್’, ಅಂದರೆ ಸುಳ್ಳು, ಅಂತ ಬರುತ್ತದೆ. ‘ಒಟ್ಟು ಮಳೆ ಒಂದು ಇಂಚು ಮುಟ್ಟಿದರೆ ಹೂಮಳೆ (ಕಾಫಿ ಹೂವಿಗೆ ಬೇಕಾದ ಮಳೆ) ಸಾಕು ಅಂತ ಬರೆ’ ಅನ್ನುವ ಸಾಲು ನಿಮ್ಮ ಪ್ರೋಗ್ರಾಂನಲ್ಲಿದ್ದರೆ, 0.1ರಂತೆ ಹತ್ತು ಸಲ ಒಂದೊಂದಾಗಿ ಕೂಡಿದ ಮೊತ್ತ 0.9999999999999999 ಆಗಿ ಷರತ್ತು ತಪ್ಪಿಹೋಗುತ್ತದೆ. ಇಲ್ಲೊಂದು ತಮಾಷೆಯೂ ಇದೆ. ಅದೇ ಹತ್ತು ಸಂಖ್ಯೆಗಳನ್ನು ಪೈಥಾನ್‌ನ ‘ಸಮ್’ನಿಂದ ಕೂಡಿಸಿದರೆ 3.12ನೇ ಆವೃತ್ತಿಯಿಂದ ಈಚೆಗೆ 1.0 ಬರುತ್ತದೆ, ಹಳೆಯದರಲ್ಲಿ ಬರುವುದಿಲ್ಲ. ಇಬ್ಬರ ಕಂಪ್ಯೂಟರಿನಲ್ಲಿ ಒಂದೇ ಕೋಡ್ ಎರಡು ಉತ್ತರ ಕೊಟ್ಟರೆ ಇದನ್ನು ನೆನಪಿಸಿಕೊಳ್ಳಿ.

ಪರಿಹಾರ ನಿಮ್ಮ ತೋಟದ ರೂಢಿಯಲ್ಲೇ ಇದೆ. ಮಲೆನಾಡಿನ ತೋಟಗಳಲ್ಲಿ ‘ಎರಡು ಇಂಚು ನಲವತ್ತು ಸೆಂಟ್ಸ್’ ಅಂತಲೇ ಮಳೆ ಹೇಳುವುದು. ಅದನ್ನು 2.40 ಅಂತ ಇಡಬೇಡಿ, 240 ಸೆಂಟ್ಸ್ ಅಂತ ಪೂರ್ಣಾಂಕವಾಗಿ ಇಡಿ. ಪೂರ್ಣಾಂಕಗಳನ್ನು ಕೂಡುವುದರಲ್ಲಿ ಪೈಥಾನ್ ಎಷ್ಟು ದೊಡ್ಡ ಸಂಖ್ಯೆಯಾದರೂ ಒಂದಂಕಿ ತಪ್ಪುವುದಿಲ್ಲ. ಕಾಗದದ ಮೇಲೆ ಅಚ್ಚು ಹಾಕುವ ಹೊತ್ತಿಗೆ ಮಾತ್ರ 100ರಿಂದ ಭಾಗಿಸಿ. ಮಿಲಿಮೀಟರ್ ಬೇಕಾದರೆ ಇಂಚಿಗೆ 25.4, ಅಂದರೆ 240 ಸೆಂಟ್ಸ್‌ಗೆ 60.96 ಮಿ.ಮೀ.

ದುಡ್ಡಿಗೂ ಇದೇ ದಾರಿ, ಲೆಕ್ಕವೆಲ್ಲ ಪೈಸೆಯಲ್ಲಿ. ದುಡ್ಡಿನ ವಿಷಯದಲ್ಲಿ ಇನ್ನೊಂದು ಬಲೆಯೂ ಇದೆ, ಅದನ್ನು ಲೆಕ್ಕ ಹಾಕಿಯೇ ನೋಡೋಣ. ಒಬ್ಬ ಆಳಿನ ವಾರದ ಕೊಯ್ಲು ಹೀಗಿದೆ ಅಂದುಕೊಳ್ಳಿ, ಕೆಜಿಗೆ ಕೂಲಿ 4 ರೂಪಾಯಿ 50 ಪೈಸೆ:

ತೂಕ = [62, 58, 71, 0, 66, 60]

ಒಟ್ಟು 317 ಕೆಜಿ. 450 ಪೈಸೆಯಿಂದ ಗುಣಿಸಿದರೆ 1,42,650 ಪೈಸೆ, ಅಂದರೆ 1,426 ರೂಪಾಯಿ 50 ಪೈಸೆ. ಐವತ್ತು ಪೈಸೆ ಬಂದರೆ ಮೇಲಿನ ರೂಪಾಯಿಗೆ ಏರಿಸುವುದು ನಿಮ್ಮ ರೂಢಿಯಾದರೆ 1,427 ಕೊಡಬೇಕು. ಆದರೆ ಪೈಥಾನ್‌ನ ‘ರೌಂಡ್’ಗೆ 1426.5 ಕೊಟ್ಟು ನೋಡಿ, 1426 ಅನ್ನುತ್ತದೆ. ಸರಿಯಾಗಿ ಅರ್ಧ ಬಂದಾಗ ಅದು ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ: 2.5 ಆದರೆ 2, 3.5 ಆದರೆ 4. ಯಾವಾಗಲೂ ಮೇಲಕ್ಕೇ ಏರಿಸಿದರೆ ದೊಡ್ಡ ಪಟ್ಟಿಯ ಮೊತ್ತ ಒಂದೇ ಕಡೆಗೆ ವಾಲುತ್ತದೆ ಅಂತ ಬೇಕೆಂದೇ ಇಟ್ಟ ನಿಯಮ ಇದು. ಆಳಿಗೆ ಅದನ್ನು ವಿವರಿಸುತ್ತಾ ಕೂರಲು ಆಗುವುದಿಲ್ಲ. ಹೀಗೆ ಬರೆಯಿರಿ:

ರೂಪಾಯಿ = (ಪೈಸೆ + 50) // 100

ಎರಡು ಓರೆಗೆರೆ ಅಂದರೆ ಭಾಗಿಸಿ, ಶೇಷ ಬಿಟ್ಟು ಪೂರ್ಣಾಂಕ ಇಟ್ಟುಕೊ ಎಂದು. 1,42,700ನ್ನು 100ರಿಂದ ಭಾಗಿಸಿದರೆ 1427. ಚೀಲದ ಲೆಕ್ಕಕ್ಕೂ ಇದೇ: 1130 // 50 ಅಂದರೆ 22 ಚೀಲ, 1130 % 50 ಅಂದರೆ ಮಿಕ್ಕ 30 ಕೆಜಿ. ಸಂಖ್ಯೆ ಋಣವಾದರೆ ಮಾತ್ರ ಹುಷಾರು. -130 // 50 ಕೊಟ್ಟರೆ -2 ಬರುತ್ತದೆ ಅಂತ ನಾವು ಎಣಿಸುತ್ತೇವೆ, ಬರುವುದು -3, ಶೇಷ 20. ಪೈಥಾನ್ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಅಡ್ವಾನ್ಸ್ ಬಾಕಿಯನ್ನು ಋಣಸಂಖ್ಯೆಯಾಗಿ ಇಡುವ ಬದಲು ಬೇರೆ ಕಾಲಂನಲ್ಲಿ ಇಟ್ಟರೆ ಈ ತಲೆನೋವೇ ಇಲ್ಲ.

ಒಬ್ಬರ ಹಾಜರಿ ನಾಲ್ವರಿಗೆ ಬಿದ್ದದ್ದು

ಕಲಿಯುವವರು ಅತಿ ಹೆಚ್ಚು ಎಡವುವ ಜಾಗ ಇದು. ನೀವು ಟೇಬಲ್ಲನ್ನು ಹೀಗೆ ಮಾಡಿರಬೇಕು:

ಹಾಜರಿ = [[0] * 6] * 4
ಹಾಜರಿ[0][2] = 1

ಮೊದಲನೇ ಆಳಿನ ಮೂರನೇ ದಿನಕ್ಕೆ 1 ಹಾಕಿದಿರಿ. ತೆಗೆದು ನೋಡಿದರೆ ನಾಲ್ಕೂ ಸಾಲುಗಳು [0, 0, 1, 0, 0, 0] ಆಗಿವೆ. ಪೈಥಾನ್‌ಗೆ ಹುಚ್ಚು ಹಿಡಿದಿಲ್ಲ, ನೀವು ಹೇಳಿದ್ದನ್ನೇ ಅದು ಮಾಡಿದೆ. ಆರು ಸೊನ್ನೆಗಳ ಒಂದೇ ಒಂದು ಸಾಲು ತಯಾರಾಯಿತು, ಆಮೇಲೆ ‘* 4’ ಆ ಒಂದೇ ಸಾಲಿಗೆ ನಾಲ್ಕು ಕಡೆಯಿಂದ ದಾರಿ ಕೊಟ್ಟಿತು.

ಪೈಥಾನ್‌ನಲ್ಲಿ ಹೆಸರು ಅನ್ನುವುದು ಸಾಮಾನು ತುಂಬುವ ಡಬ್ಬ ಅಂತ ಅನೇಕ ಕಡೆ ಹೇಳಿಕೊಡುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿಂದ. ಅದು ಗೋಡೌನಿನಲ್ಲಿ ಚೀಲದ ಬಾಯಿಗೆ ಕಟ್ಟುವ ಚೀಟಿ. ಒಂದೇ ಚೀಲಕ್ಕೆ ನಾಲ್ಕು ಚೀಟಿ ಕಟ್ಟಬಹುದು, ಯಾವ ಚೀಟಿ ಹಿಡಿದು ಹೋಗಿ ಚೀಲದಿಂದ ತೆಗೆದರೂ ಕಡಿಮೆಯಾಗುವುದು ಆ ಒಂದೇ ಚೀಲದಲ್ಲಿ. ‘ನಿನ್ನೆ = ಇವತ್ತು’ ಅಂತ ಬರೆದಾಗ ಪಟ್ಟಿಯ ನಕಲು ಆಗುವುದಿಲ್ಲ, ಇನ್ನೊಂದು ಚೀಟಿ ಬೀಳುತ್ತದೆ ಅಷ್ಟೇ.

ಒಳಗಿನ [0] * 6 ಯಾಕೆ ತೊಂದರೆ ಕೊಡಲಿಲ್ಲ ಅಂತ ನೀವು ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಅಲ್ಲಿಯೂ ಆರು ಜಾಗಗಳು ಒಂದೇ ಸೊನ್ನೆಯನ್ನು ತೋರಿಸುತ್ತವೆ. ಆದರೆ ಸಂಖ್ಯೆಯನ್ನು ಇದ್ದಲ್ಲೇ ತಿದ್ದಲು ಬರುವುದಿಲ್ಲ. 1 ಹಾಕಿದಾಗ ಆ ಜಾಗದ ಚೀಟಿ ಸೊನ್ನೆಯನ್ನು ಬಿಟ್ಟು ಬೇರೆ ಸಂಖ್ಯೆಗೆ ಹೋಗುತ್ತದೆ, ಉಳಿದ ಐದಕ್ಕೆ ಏನೂ ಆಗುವುದಿಲ್ಲ. ಪಟ್ಟಿ, ಡಿಕ್ಷನರಿ, ಸೆಟ್ ಇವನ್ನು ಇದ್ದಲ್ಲೇ ತಿದ್ದಬಹುದು. ಸಂಖ್ಯೆ, ಅಕ್ಷರಮಾಲೆ, ಟ್ಯೂಪಲ್ ಇವನ್ನು ತಿದ್ದಲಾಗದು. ಈ ಒಂದು ಗೆರೆ ಮನಸ್ಸಿನಲ್ಲಿ ನಿಂತರೆ ಪೈಥಾನ್ ಅರ್ಧ ಬಂದಂತೆ.

ಸರಿಯಾದ ಟೇಬಲ್ ಬೇಕಾದರೆ ಪ್ರತಿ ಸಾಲನ್ನೂ ಹೊಸದಾಗಿ ಮಾಡಿಸಬೇಕು:

ಹಾಜರಿ = [[0] * 6 ಫಾರ್ _ ಇನ್ ರೇಂಜ್(4)]

ನಾಲ್ಕು ಸಲ ಸುತ್ತು ಹೊಡೆದು ನಾಲ್ಕು ಬೇರೆ ಸಾಲು ಹುಟ್ಟುತ್ತದೆ. ಅನುಮಾನವಿದ್ದರೆ ‘ಹಾಜರಿ[0] ಈಸ್ ಹಾಜರಿ[1]’ ಅಂತ ಕೇಳಿ. ಹಳೆಯದಕ್ಕೆ ‘ಟ್ರೂ’, ಹೊಸದಕ್ಕೆ ‘ಫಾಲ್ಸ್’ ಬರುತ್ತದೆ. ಎರಡು ಸಮಚಿಹ್ನೆ ಬೆಲೆ ಒಂದೇ ಇದೆಯೇ ಅಂತ ಕೇಳುತ್ತದೆ, ‘ಈಸ್’ ವಸ್ತುವೇ ಒಂದೇನಾ ಅಂತ ಕೇಳುತ್ತದೆ.

ಈಗ ನೋಟ್‌ಬುಕ್ ತೆಗೆಯಿರಿ. ‘ಪಟ್ಟಿ ನಕಲು ಮಾಡಿದರೆ ಮೂಲವೂ ಬದಲಾಯಿತು’, ‘ಫಂಕ್ಷನ್‌ಗೆ ಕೊಟ್ಟ ಪಟ್ಟಿ ಹೊರಗೂ ಬದಲಾಗಿತ್ತು’, ‘ಫಂಕ್ಷನ್‌ನಲ್ಲಿ ಖಾಲಿ ಪಟ್ಟಿಯನ್ನು ಮೊದಲೇ ಇಟ್ಟರೆ ಎರಡನೇ ಸಲ ಕರೆದಾಗ ಹಳೆಯದೂ ಇರುತ್ತೆ’, ‘ಕಾಪಿ ಮಾಡಿದರೂ ಒಳಗಿನ ಪಟ್ಟಿ ಹಂಚಿಕೆಯಾಗಿಯೇ ಇರುತ್ತೆ’: ಇಂಥ ಸಾಲುಗಳು ಬೇರೆ ಬೇರೆ ತಾರೀಕಿನಲ್ಲಿ ಸಿಗುತ್ತವೆ. ಎಲ್ಲವೂ ಇದೇ ಒಂದು ಸಂಗತಿ. ‘ಪಟ್ಟಿ = ಪಟ್ಟಿ.ಸಾರ್ಟ್()’ ಅಂದರೆ ಪಟ್ಟಿ ಮಾಯವಾಗಿ ‘ನನ್’ (ಏನೂ ಇಲ್ಲ) ಬರುವುದೂ ಇದರ ನೆಂಟನೇ. ಇದ್ದಲ್ಲೇ ತಿದ್ದುವ ಸಾರ್ಟ್, ಅಪೆಂಡ್, ರಿವರ್ಸ್‌ಗಳು ಏನನ್ನೂ ಹಿಂದಿರುಗಿಸುವುದಿಲ್ಲ. ಹೊಸ ಪಟ್ಟಿ ಬೇಕಾದರೆ ‘ಸಾರ್ಟೆಡ್’ ಬಳಸಬೇಕು. ಸುತ್ತು ಹೊಡೆಯುತ್ತಲೇ ಅದೇ ಪಟ್ಟಿಯಿಂದ ತೆಗೆಯುವುದೂ ಈ ಗುಂಪಿನದೇ: [12, 0, 0, 15]ರಲ್ಲಿ ಸೊನ್ನೆ ಸಿಕ್ಕಾಗಲೆಲ್ಲ ತೆಗೆಯುತ್ತಾ ಹೋದರೆ ಒಂದು ಸೊನ್ನೆ ಉಳಿದುಬಿಡುತ್ತದೆ. ಮೊದಲ ಸೊನ್ನೆ ಹೋದ ತಕ್ಷಣ ಎರಡನೆಯದು ಅದರ ಜಾಗಕ್ಕೆ ಸರಿಯುತ್ತದೆ, ಸುತ್ತು ಮಾತ್ರ ಮುಂದಿನ ಜಾಗಕ್ಕೆ ಹೋಗಿರುತ್ತದೆ. ತೆಗೆಯುವ ಬದಲು, ಬೇಕಾದ್ದನ್ನು ಹೊಸ ಪಟ್ಟಿಗೆ ಹಾಕಿಕೊಳ್ಳಿ.

ಒಂದೇ ಹೆಸರು, ಎರಡು ಮೊತ್ತ

ಇಂಗ್ಲಿಷ್ ಪಾಠಗಳಲ್ಲಿ ಇದಕ್ಕೆ ಉತ್ತರ ಸುಲಭವಾಗಿ ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಕಣ್ಣು ಅಕ್ಷರ ನೋಡುತ್ತದೆ, ಪೈಥಾನ್ ಯೂನಿಕೋಡ್ ಸಂಕೇತಗಳನ್ನು (ಎಲ್ಲ ಭಾಷೆಗಳ ಅಕ್ಷರಗಳಿಗೆ ಕೊಟ್ಟ ಸಂಖ್ಯೆಗಳನ್ನು) ನೋಡುತ್ತದೆ. ವ್ಯಂಜನ ಒಂದು ಸಂಕೇತ, ಅದರ ಸ್ವರಚಿಹ್ನೆ ಬೇರೆ ಸಂಕೇತ, ಅರ್ಧಾಕ್ಷರದ ಗುರುತು ಇನ್ನೊಂದು. ‘ಹಾಸನ’ದ ಉದ್ದವನ್ನು ಲೆನ್‌ನಿಂದ ಕೇಳಿದರೆ 3 ಬರುವುದಿಲ್ಲ, 4 ಬರುತ್ತದೆ: ಹ, ದೀರ್ಘದ ಚಿಹ್ನೆ, ಸ, ನ. ‘ಮೂಡಿಗೆರೆ’ ಕಣ್ಣಿಗೆ ನಾಲ್ಕು, ಪೈಥಾನ್‌ಗೆ 8. ‘ಚಿಕ್ಕಮಗಳೂರು’ ಕಣ್ಣಿಗೆ ಆರು, ಪೈಥಾನ್‌ಗೆ 11. ‘ಹಾಸನ’ವನ್ನು [::-1] ಹಾಕಿ ಹಿಂದುಮುಂದು ಮಾಡಿ ನೋಡಿ, ‘ನಸಾಹ’ ಬರುತ್ತದೆ. ಹ ಬಿಟ್ಟ ದೀರ್ಘ ಸ ಮೇಲೆ ಹೋಗಿ ಕೂತಿದೆ. ಹೆಸರಿನ ಮೊದಲ ಹತ್ತು ‘ಅಕ್ಷರ’ ಕತ್ತರಿಸಿ ಕಾಲಂನಲ್ಲಿ ಕೂರಿಸಲು ಹೋದಾಗ ಒತ್ತಕ್ಷರ ತುಂಡಾಗುವುದೂ ಇದರಿಂದಲೇ.

ಈಗ ನಿಮ್ಮ ಸಮಸ್ಯೆ. ಒಂದೇ ರೀತಿ ಕಾಣುವ ಎರಡು ಹೆಸರುಗಳ ಒಳಗೆ ಬೇರೆ ಸಂಕೇತಗಳಿರಲು ಸಾಮಾನ್ಯವಾಗಿ ಮೂರು ಕಾರಣ. ಕೊನೆಯಲ್ಲಿ ಖಾಲಿ ಜಾಗ ಸೇರಿರುವುದು ಮೊದಲನೆಯದು, ಇದು ‘ಸ್ಟ್ರಿಪ್’ನಿಂದ ಹೋಗುತ್ತದೆ. ಎರಡನೆಯದು ಕಣ್ಣಿಗೆ ಕಾಣದ ಗುರುತು. ‘ಸುರೇಶ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರಿನ ಕೊನೆಗೆ ಕೆಲವು ಕೀಬೋರ್ಡ್‌ಗಳಲ್ಲಿ, ಅಕ್ಷರ ಮುಂದಿನದಕ್ಕೆ ಅಂಟದಂತೆ ತಡೆಯುವ ಶೂನ್ಯ ಅಗಲದ ಗುರುತು ಸೇರಿಕೊಳ್ಳುತ್ತದೆ. ಅದರ ಸಂಖ್ಯೆ 8204. ಅದು ಖಾಲಿ ಜಾಗದ ವರ್ಗಕ್ಕೆ ಸೇರದ ಕಾರಣ ಸ್ಟ್ರಿಪ್ ಅದನ್ನು ಮುಟ್ಟುವುದೇ ಇಲ್ಲ. ಜನ ರಾತ್ರಿಯಿಡೀ ತಲೆ ಕೆಡಿಸಿಕೊಳ್ಳುವುದು ಇಲ್ಲೇ. ಆ ಸಂಖ್ಯೆಯ ಗುರುತನ್ನು ‘ರಿಪ್ಲೇಸ್’ನಿಂದ ಖಾಲಿಗೆ ಬದಲಿಸಬೇಕು. ಮೂರನೆಯದು ಒತ್ವ. ‘ಕೊಪ್ಪ’ದ ‘ಕೊ’ವನ್ನು ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಎತ್ವದ ಚಿಹ್ನೆ ಮತ್ತು ಊತ್ವದ ಚಿಹ್ನೆ ಎರಡನ್ನೂ ಜೋಡಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ತದ್ರೂಪು, ಉದ್ದ ಮಾತ್ರ ಒಂದಕ್ಕೆ 5, ಇನ್ನೊಂದಕ್ಕೆ 6. ಇದಕ್ಕೆ ಪೈಥಾನ್ ಜೊತೆಗೇ ಬರುವ ‘ಯೂನಿಕೋಡ್‌ಡೇಟಾ’ ಮಾಡ್ಯೂಲ್‌ನಲ್ಲಿ ‘ನಾರ್ಮಲೈಸ್’ ಇದೆ. ಎನ್‌ಎಫ್‌ಸಿ ರೂಪ ಕೇಳಿದರೆ ಎಲ್ಲವನ್ನೂ ಒಂದೇ ಬಗೆಗೆ ತರುತ್ತದೆ.

ಅನುಮಾನ ಬಂದ ಹೆಸರನ್ನು ಪ್ರಿಂಟ್ ಮಾಡಿ ನೋಡಿ ಪ್ರಯೋಜನವಿಲ್ಲ. ಲೆನ್ ಕೇಳಿ, ಆಮೇಲೆ ‘ಆರ್ಡ್’ ಹಾಕಿ ಪ್ರತಿ ಸಂಕೇತದ ಸಂಖ್ಯೆ ತೆಗೆಸಿ. ಕ ಅಂದರೆ 3221, ಹ ಅಂದರೆ 3257. ಮೂರು ಸಾವಿರದ ಚಿಲ್ಲರೆ ಸಂಖ್ಯೆಗಳ ಮಧ್ಯೆ 8204 ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲಾದರೆ ಕಥೆಯೇ ಬೇರೆ. ಯೂನಿಕೋಡ್ ಅಲ್ಲದ ಆ ಫೈಲುಗಳಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ಆಮೇಲೆ ಪೈಥಾನ್‌ಗೆ ತನ್ನಿ.

ಇಷ್ಟೆಲ್ಲ ಹೇಳಿದರೂ ನನ್ನ ಸಲಹೆ ಹೆಸರಿನ ಮೇಲೆ ಲೆಕ್ಕ ನಿಲ್ಲಿಸಬೇಡಿ ಅಂತಲೇ. ಆಳಿಗೊಂದು ಚೆಕ್‌ರೋಲ್ ನಂಬರ್ ಕೊಡಿ, ಮೊತ್ತವೆಲ್ಲ ನಂಬರಿನ ಮೇಲೆ ಕೂಡಲಿ, ಹೆಸರು ಅಚ್ಚಿಗೆ ಮಾತ್ರ. ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಆಳುಗಳು ಇರುವ ತೋಟ ಎಷ್ಟಿಲ್ಲ.

ಅಕಾರಾದಿಯಾಗಿ ಜೋಡಿಸುವಾಗಲೂ ಒಂದು ವಿಷಯ ಗಮನಿಸಿ. ಪೈಥಾನ್ ಸಂಕೇತದ ಸಂಖ್ಯೆ ನೋಡಿ ಜೋಡಿಸುತ್ತದೆ, ಯೂನಿಕೋಡ್‌ನಲ್ಲಿ ಳ ಬರುವುದು ಲ ಮತ್ತು ವ ನಡುವೆ. ಹಾಗಾಗಿ ‘ಕಳಸ’ ಮೊದಲು, ‘ಕಸಬಾ’ ಆಮೇಲೆ ಬರುತ್ತದೆ. ನಮ್ಮ ವರ್ಣಮಾಲೆಯ ಪ್ರಕಾರ ಉಲ್ಟಾ ಇರಬೇಕಿತ್ತು. ಇನ್ನೊಂದು ಖುಷಿಯ ಸಂಗತಿ: ಯಾರಾದರೂ ತೂಕವನ್ನು ‘೧೨’ ಅಂತ ಕನ್ನಡ ಅಂಕಿಯಲ್ಲಿ ಟೈಪ್ ಮಾಡಿ ಕೊಟ್ಟರೂ ‘ಇಂಟ್’ ಅದನ್ನು 12 ಅಂತ ಸರಿಯಾಗಿ ಓದುತ್ತದೆ. ಕೋಡ್‌ನಲ್ಲೇ ನೇರವಾಗಿ ೧೨ ಬರೆದರೆ ಮಾತ್ರ ಸಿಂಟ್ಯಾಕ್ಸ್ ಎರರ್.

ವಿಂಡೋಸ್ ಬಳಸುತ್ತಿದ್ದರೆ ಫೈಲಿಗೆ ಕನ್ನಡ ಬರೆಯುವಾಗ ‘ಚಾರ್‌ಮ್ಯಾಪ್’ ಅಂತ ಹೆಸರಿರುವ ಎರರ್ ಬರಬಹುದು. ‘ಓಪನ್’ ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಸ್ಪಷ್ಟವಾಗಿ ಹೇಳದಿದ್ದರೆ ಅದು ವಿಂಡೋಸ್‌ನ ಹಳೆಯ ಎನ್‌ಕೋಡಿಂಗ್ ಹಿಡಿಯುತ್ತದೆ, ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಆ ಸಿಎಸ್‌ವಿ (ಅಲ್ಪವಿರಾಮದಿಂದ ಬಿಡಿಸಿದ ಪಟ್ಟಿ) ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು ಮಾಲೀಕರಿಗೆ ತೋರಿಸುವುದಾದರೆ ‘ಯುಟಿಎಫ್-8-ಸಿಗ್’ ಕೊಡಿ, ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಹೆಸರುಗಳು ಚಿತ್ರವಿಚಿತ್ರ ಗುರುತುಗಳಾಗುತ್ತವೆ. ‘ನ್ಯೂಲೈನ್’ಗೆ ಖಾಲಿ ಉದ್ಧರಣ ಚಿಹ್ನೆ ಕೊಡುವುದನ್ನು ಮರೆತರೆ ಒಂದೊಂದು ಸಾಲಿನ ನಡುವೆ ಒಂದು ಖಾಲಿ ಸಾಲು ಬರುತ್ತದೆ. ನಿಮ್ಮ ಫೈಲಿಗೆ ಮಾತ್ರ ‘ಸಿಎಸ್‌ವಿ’ ಅಂತಲೇ ಹೆಸರಿಡಬೇಡಿ. ಪೈಥಾನ್ ತನ್ನ ಮಾಡ್ಯೂಲ್ ಬಿಟ್ಟು ನಿಮ್ಮ ಫೈಲನ್ನೇ ಎತ್ತಿಕೊಂಡು ‘ರೀಡರ್ ಇಲ್ಲ’ ಅನ್ನುತ್ತದೆ.

ಖಾಲಿ ಸ್ಕ್ರೀನ್

ನೋಟ್‌ಬುಕ್ ಇಡುವುದು ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಅದು ತಾರೀಕಿನ ಪ್ರಕಾರ ಬೆಳೆದಿದೆ, ಕಾರಣದ ಪ್ರಕಾರ ಬೆಳೆದಿಲ್ಲ. ಹೊಸ ಪುಸ್ತಕವೊಂದರಲ್ಲಿ ನಾಲ್ಕು ಭಾಗ ಮಾಡಿ: ಸಂಖ್ಯೆ, ಚೀಟಿ ಮತ್ತು ವಸ್ತು, ಅಕ್ಷರ ಮತ್ತು ಫೈಲು, ಉಳಿದದ್ದು. ಹಳೆಯ ಸಾಲುಗಳನ್ನು ಅದರದರ ಭಾಗಕ್ಕೆ ಎತ್ತಿ ಬರೆಯಿರಿ. ‘"50" * 2 ಅಂದರೆ "5050"’, ‘"100" "20"ಕ್ಕಿಂತ ಚಿಕ್ಕದಂತೆ’ ಇವೆರಡೂ ಅಕ್ಷರದ ಭಾಗಕ್ಕೆ ಹೋಗುತ್ತವೆ, ಸಂಖ್ಯೆಯ ಭಾಗಕ್ಕಲ್ಲ. ‘ಇನ್‌ಪುಟ್’ನಿಂದ ಬರುವುದೆಲ್ಲ ಅಕ್ಷರವೇ. ಇನ್ನು ಮುಂದೆ ಹೊಸ ಸಂಗತಿ ಬರೆಯುವಾಗ, ಓಡಿಸುವ ಮೊದಲೇ ‘ಇದು ಬರುತ್ತೆ’ ಅಂತ ಬರೆದು, ಆಮೇಲೆ ಓಡಿಸಿ. ಊಹೆ ತಪ್ಪಿದ ಸಾಲುಗಳಿಗೆ ಮಾತ್ರ ಪುಟ ಕೊಡಿ. ಸರಿಯಾದದ್ದು ನಿಮಗೆ ಆಗಲೇ ಬಂದಿದೆ.

ಖಾಲಿ ಸ್ಕ್ರೀನ್ ಮುಂದೆ ಏನೂ ಹೊಳೆಯದಿರುವುದು ದಡ್ಡತನವಲ್ಲ. ಕಂಡದ್ದನ್ನು ಗುರುತಿಸುವುದು ಒಂದು ಕೆಲಸ, ಒಂದು ಕೆಲಸವನ್ನು ತುಂಡು ಮಾಡುವುದು ಬೇರೆಯೇ ಕೆಲಸ. ಐದು ತಿಂಗಳು ನೀವು ಮೊದಲನೆಯದನ್ನೇ ಮಾಡಿದ್ದೀರಿ. ಎರಡನೆಯದಕ್ಕೆ ಕಂಪ್ಯೂಟರ್ ಆಫ್ ಮಾಡಿ, ಕಾಗದ ತೆಗೆದುಕೊಳ್ಳಿ. ಕಳೆದ ವರ್ಷದ ಯಾವುದೋ ಒಂದು ವಾರದ ಬಟವಾಡೆ ಚೀಟಿ, ಮೂರು ಆಳು ಸಾಕು, ಕೊನೆಗೆ ಹೇಗೆ ಕಾಣಬೇಕೋ ಹಾಗೆ ಬರೆಯಿರಿ. ಮೊತ್ತವನ್ನು ಕೈಯಲ್ಲೇ ಕೂಡಿ ಬರೆಯಿರಿ. ಆಮೇಲೆ ಮೇಲಿನ 317 ಕೆಜಿ ಲೆಕ್ಕದಂತೆ ಒಬ್ಬ ಆಳು, ಒಂದು ಪಟ್ಟಿ, ಒಂದು ಗುಣಾಕಾರ. ಅದು ಕಾಗದಕ್ಕೆ ತಾಳೆಯಾದ ಮೇಲೆ ಅದನ್ನೇ ಫಂಕ್ಷನ್ ಮಾಡಿ. ನಂತರ ಮೂರು ಆಳಿಗೆ ಸುತ್ತು. ನಂತರ ತೂಕ ಫೈಲಿನಿಂದ ಬರಲಿ. ಕೊನೆಗೆ ಅಡ್ವಾನ್ಸ್ ಕಡಿತ. ಪ್ರತಿ ಹಂತದಲ್ಲೂ ಓಡುವ ಪ್ರೋಗ್ರಾಂ ಕೈಯಲ್ಲಿರಬೇಕು. ಎಲ್ಲವನ್ನೂ ಬರೆದು ಕೊನೆಗೆ ಒಂದೇ ಸಲ ಓಡಿಸುವವರೇ ಮಧ್ಯದಲ್ಲಿ ಕೈಬಿಡುವುದು.

ಎರರ್ ಬಂದರೆ ಕೆಳಗಿನಿಂದ ಓದಿ. ಕೊನೆಯ ಸಾಲು ಏನಾಯಿತು ಅನ್ನುತ್ತದೆ, ಅದರ ಮೇಲಿನದು ಯಾವ ಸಾಲಿನಲ್ಲಿ ಅನ್ನುತ್ತದೆ. 3.10ರಿಂದ ಈಚಿನ ಆವೃತ್ತಿಗಳು ಹೆಸರು ತಪ್ಪಾಗಿದ್ದರೆ ‘ಇದಾ?’ ಅಂತ ಸರಿಯಾದ ಹೆಸರನ್ನೂ ಸೂಚಿಸುತ್ತವೆ. ಆಫೀಸಿನ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ 7 ಇದ್ದರೆ 3.8ಕ್ಕಿಂತ ಮೇಲಿನದು ಅದರಲ್ಲಿ ಕೂರುವುದಿಲ್ಲ, ಆಗ ಈ ಸಹಾಯವೂ ಇರುವುದಿಲ್ಲ. ಮಳೆಗಾಲದಲ್ಲಿ ನೆಟ್‌ವರ್ಕ್ ಹೋದರೆ ಚಿಂತೆ ಬೇಡ. ವಿಂಡೋಸ್‌ನಲ್ಲಿ ಪೈಥಾನ್ ಜೊತೆ ಬರುವ ಐಡಲ್ (ಕೋಡ್ ಬರೆದು ಓಡಿಸುವ ಕಿಟಕಿ), ‘ಹೆಲ್ಪ್’ ಎರಡೂ ಇಂಟರ್‌ನೆಟ್ ಇಲ್ಲದೆ ನಡೆಯುತ್ತವೆ.

ಮ್ಯಾಥ್ಸ್, ಎಐ, ಅರವತ್ತು ಸಾವಿರ

ಮ್ಯಾಥ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಷಿನ್ ಲರ್ನಿಂಗ್ ಅಥವಾ ಗ್ರಾಫಿಕ್ಸ್‌ಗೆ ಹೋದರೆ ಬೇಕು. ಚೆಕ್‌ರೋಲ್ ಲೆಕ್ಕ ಬಲ್ಲವರಿಗೆ ಈ ಕೆಲಸಕ್ಕೆ ಬೇಕಾದ ಗಣಿತ ಆಗಲೇ ಬಂದಿದೆ. ಇಂಗ್ಲಿಷ್ ಕೂಡ ಅಷ್ಟೇ: ಪೈಥಾನ್‌ನ ಮೀಸಲು ಪದಗಳು ಒಟ್ಟು 35, ದಿನಬಳಕೆಗೆ ಅದರಲ್ಲಿ ಅರ್ಧ ಸಾಕು.

ಎಐ ಬರೆದುಕೊಡುತ್ತದೆ ಅನ್ನುವುದು ನಿಜ. ಚಿಕ್ಕ ಪ್ರೋಗ್ರಾಂಗಳನ್ನು ಚೆನ್ನಾಗಿಯೇ ಬರೆಯುತ್ತದೆ. ಆದರೆ ನಿಮ್ಮ ತೋಟದಲ್ಲಿ ಐವತ್ತು ಪೈಸೆ ಮೇಲಕ್ಕೆ ಹೋಗುತ್ತದೆ ಅಂತ ಅದಕ್ಕೆ ಗೊತ್ತಿಲ್ಲ, ನೀವು ಹೇಳದಿದ್ದರೆ ‘ರೌಂಡ್’ ಹಾಕಿ ಕೊಡಬಹುದು. ಒಂದು ರೂಪಾಯಿ ಕಡಿಮೆ ಬಂದ ಆಳು ಕೇಳುವುದು ಎಐಯನ್ನಲ್ಲ, ನಿಮ್ಮನ್ನು. ನನ್ನ ಮಟ್ಟಿಗೆ ಕಲಿಯುವ ಕಾಲದಲ್ಲಿ ಅದನ್ನು ಬಳಸುವ ಸರಿಯಾದ ರೀತಿ: ನೀವು ಬರೆದ ಕೋಡ್ ಮತ್ತು ಬಂದ ಎರರ್ ಕೊಟ್ಟು ‘ಯಾಕೆ’ ಅಂತ ಕೇಳಿ, ಬರೆಯುವುದನ್ನು ಕೈಯಲ್ಲಿ ಇಟ್ಟುಕೊಳ್ಳಿ. ಅದು ಬರೆದದ್ದನ್ನೇ ಬಳಸುವುದಾದರೆ ಸೊನ್ನೆ ತೂಕದ ದಿನ, ಅರ್ಧ ರೂಪಾಯಿ, ಒಂದೇ ಹೆಸರಿನ ಇಬ್ಬರು, ಹೆಸರಿನ ಕೊನೆಗೆ ಕಾಣದ ಗುರುತು, ಈ ನಾಲ್ಕನ್ನೂ ಹಾಕಿ ಕೈಲೆಕ್ಕದ ಜೊತೆ ತಾಳೆ ನೋಡಿ. ಆಳುಗಳ ಆಧಾರ್, ಬ್ಯಾಂಕ್ ಖಾತೆ ನಂಬರ್‌ಗಳನ್ನು ಮಾತ್ರ ಅದಕ್ಕೆ ಯಾವತ್ತೂ ಕೊಡಬೇಡಿ. ಕಾಲಂ ಹೆಸರು ಮತ್ತು ಸುಳ್ಳು ಅಂಕಿ ಕೊಟ್ಟರೆ ಸಾಕು.

ಕೋರ್ಸಿನ ವಿಷಯ. ಕಟ್ಟುವ ಮೊದಲು ಒಪ್ಪಂದ ತರಿಸಿಕೊಂಡು ಓದಿ. ‘ಕಂತು’ ಅನ್ನುವುದು ಅನೇಕ ಕಡೆ ನಿಮ್ಮ ಹೆಸರಿನಲ್ಲಿ ಫೈನಾನ್ಸ್ ಕಂಪನಿಯಿಂದ ತೆಗೆಸುವ ಸಾಲ. ಎರಡನೇ ವಾರಕ್ಕೆ ಕೋರ್ಸ್ ಬಿಟ್ಟರೂ ಇಎಂಐ ನಿಲ್ಲುವುದಿಲ್ಲ, ಕಟ್ಟದಿದ್ದರೆ ಸಿಬಿಲ್ ಕೆಡುತ್ತದೆ. ದುಡ್ಡು ವಾಪಸ್ ಯಾವ ದಿನದವರೆಗೆ, ಕೆಲಸದ ಭರವಸೆ ಬರಹದಲ್ಲಿ ಇದೆಯೇ, ನಿಮ್ಮ ಕೋಡ್ ಓದಿ ತಿದ್ದುವ ಮನುಷ್ಯ ಇದ್ದಾನೆಯೇ ಅಂತ ಕೇಳಿ. ದುಡ್ಡು ಕೊಡಬೇಕಾದ್ದು ಮೂರನೆಯದೊಂದಕ್ಕೇ. ಬರೀ ವಿಡಿಯೊ ಆದರೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನ ಪೈಥಾನ್ ಪಾಠಗಳನ್ನು ಉಚಿತವಾಗಿ ನೋಡಬಹುದು, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕ. ಪೈಥಾನ್ ಒಂದನ್ನೇ ನಂಬಿ ಬೆಂಗಳೂರಿನಲ್ಲಿ ಕೆಲಸ ಹುಡುಕುವುದು ಈಗ ಕಷ್ಟ, ಸುಳ್ಳು ಹೇಳಿ ಏನು ಪ್ರಯೋಜನ. ಕಾಫಿ ಲೆಕ್ಕ ಗೊತ್ತಿದ್ದು, ಔಟ್‌ಟರ್ನ್ (ಒಣ ಕಾಫಿಯಿಂದ ಸಿಗುವ ಬೀಜದ ಪ್ರಮಾಣ) ಅಂದರೇನು ಅಂತ ಗೊತ್ತಿದ್ದು, ಜೊತೆಗೆ ಪೈಥಾನ್ ಬಲ್ಲವರು ತೋಟಕ್ಕಾಗಲಿ ಕಾಫಿ ಸಿಪ್ಪೆ ತೆಗೆದು ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಾಗಲಿ ಹೆಚ್ಚು ಬೇಕಾದವರು.

ಹಾಗಾಗಿ ಸೇರಬೇಡಿ, ಬಿಡಲೂ ಬೇಡಿ. ಮಳೆಗಾಲದ ಬಿಡುವಿನಲ್ಲಿ ಹಳೆಯ ಚೆಕ್‌ರೋಲ್ ಹಾಕಿ ಪ್ರೋಗ್ರಾಂ ಸರಿಮಾಡಿಕೊಳ್ಳಿ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾದಾಗ ರಿಜಿಸ್ಟರ್ ಮತ್ತು ಪೈಥಾನ್ ಎರಡನ್ನೂ ಒಟ್ಟಿಗೆ ನಡೆಸಿ, ಬಟವಾಡೆ ಮಾತ್ರ ರಿಜಿಸ್ಟರ್ ನೋಡಿಯೇ ಆಗಲಿ. ವ್ಯತ್ಯಾಸ ಬಂದ ವಾರ ಯಾವುದು ತಪ್ಪು ಅಂತ ಹುಡುಕಿ, ಕೈಲೆಕ್ಕವೂ ತಪ್ಪಿರಬಹುದು. ರೋಬಸ್ಟಾ ಮುಗಿಯುವವರೆಗೆ ಇದೇ ಥರ ನಡೆದು, ಕೊನೆಯ ವಾರಗಳಲ್ಲಿ ಒಂದು ಪೈಸೆ ವ್ಯತ್ಯಾಸ ಬರದಿದ್ದರೆ ಆಮೇಲೆ ಮಾಲೀಕರಿಗೆ ತೋರಿಸಿ. ಪ್ರತಿ ಶನಿವಾರ ಫೈಲಿನ ಒಂದು ಪ್ರತಿಯನ್ನು ತಾರೀಕು ಹಾಕಿ ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಫೈಲನ್ನು ಬರೆಯುವ ಕ್ರಮದಲ್ಲಿ, ಅಂದರೆ ‘ಡಬ್ಲ್ಯು’ ಮೋಡ್‌ನಲ್ಲಿ ತೆರೆದ ಕ್ಷಣವೇ ಹಳೆಯದೆಲ್ಲ ಅಳಿಸಿಹೋಗುತ್ತದೆ. ಅಷ್ಟರಲ್ಲಿ ಕರೆಂಟ್ ಹೋದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.